ಮಷಿನ್‌ನಲ್ಲಿ 0.02, ಒಟಿಡಿಆರ್‌ನಲ್ಲಿ 0.60: ಯಾವ್ದನ್ನ ನಂಬೋದು?

ಗಾಜಿನೆಳೆ:
ಎಲ್ರಿಗೂ ನಮಸ್ಕಾರ, ಸ್ಪ್ಲೈಸಿಂಗ್ (ಆಪ್ಟಿಕಲ್ ಫೈಬರ್ ಎಳೆಗಳನ್ನ ಕರಗಿಸಿ ಜೋಡಿಸೋ ಕೆಲ್ಸ) ಕಲಿತು ಆರು ತಿಂಗ್ಳಾಯ್ತು ಅಷ್ಟೆ, ಪ್ರಶ್ನೆ ಸಿಲ್ಲಿ ಅನ್ಸಿದ್ರೆ ಬೈಬೇಡಿ. 24 ಎಳೆಯ ಹಳೇ ಕೇಬಲ್ ಅಗೆಯೋ ಮಷಿನ್‌ಗೆ ಸಿಕ್ಕಿ ಕಟ್ ಆಗಿತ್ತು, ಹಾಳಾಗಿದ್ದ ಭಾಗ ತೆಗ್ದು ಮಧ್ಯೆ 400 ಮೀಟರ್ ಹೊಸ ಕೇಬಲ್ ಎಳ್ದು ಎರಡೂ ಕಡೆ ಜಾಯಿಂಟ್ ಮಾಡಿದ್ವಿ. ಹಳೇದು ಜಿ.652ಡಿ (ಮಾಮೂಲಿ ಫೈಬರ್), ಹೊಸದು ಜಿ.657ಎ1 (ಬಗ್ಗಿದ್ರೂ ಜಾಸ್ತಿ ತಡ್ಕೊಳ್ಳೋ ಫೈಬರ್). ಸ್ಪ್ಲೈಸಿಂಗ್ ಮಷಿನ್ ಎಲ್ಲಾ ಜಾಯಿಂಟ್‌ಗೂ 0.01, 0.02 ಡಿಬಿ ಲಾಸ್ (ಬೆಳಕಿನ ನಷ್ಟ) ಅಂತ್ಲೇ ತೋರಿಸ್ತು, ಖುಷಿಯಾಗಿ ಬಾಕ್ಸ್ ಮುಚ್ಚಿ ಬಂದ್ವಿ. ಈಗ ಒಂದು ತುದಿಯಿಂದ ಒಟಿಡಿಆರ್ (ಬೆಳಕು ಬಿಟ್ಟು ಎಲ್ಲೆಲ್ಲಿ ಎಷ್ಟು ಲಾಸ್ ಅಂತ ತೋರಿಸೋ ಮೀಟರ್) ಹಾಕಿದ್ರೆ ಮೊದಲ್ನೇ ಜಾಯಿಂಟ್‌ನಲ್ಲಿ ಲಾಸ್ ಇರೋ ಬದ್ಲು ಮೈನಸ್ 0.12 ಬರ್ತಿದೆ, ಅಂದ್ರೆ ಬೆಳಕು ಜಾಸ್ತಿಯಾಯ್ತಾ?? ಎರಡ್ನೇ ಜಾಯಿಂಟ್‌ನಲ್ಲಿ ಎಲ್ಲಾ ಎಳೆಗೂ ಹೆಚ್ಚುಕಮ್ಮಿ 0.20, ಅದ್ರಲ್ಲೂ ಎರಡ್ನೇ ಟ್ಯೂಬ್‌ನ ಕೆಂಪು, ಕಪ್ಪು, ಹಳದಿ ಮೂರು ಮಾತ್ರ 1550 ನ್ಯಾನೋಮೀಟರ್ ತರಂಗದಲ್ಲಿ 0.60 ದಾಟ್ತಿದೆ. 24ನ್ನೂ ಕಿತ್ತು ಮತ್ತೆ ಮಾಡಿ ಅಂತ ಮೇಲಿನೋರು ಹೇಳ್ತಿದಾರೆ. ಮಾಡ್ಲೇಬೇಕಾ?

ಹಳೇ ಕ್ಲೀವರ್:
ನನ್ಗೇನೋ ಕ್ಲೀವರ್ (ಎಳೆ ತುದೀನ ನೇರವಾಗಿ ಕಟ್ ಮಾಡೋ ಸಾಧನ) ಮೇಲೇ ಡೌಟು. ಬ್ಲೇಡ್ ಯಾವಾಗ ತಿರುಗಿಸಿದ್ದೆ ಕೊನೇಲಿ? ಕಟ್ ಆ್ಯಂಗಲ್ ಅರ್ಧ ಡಿಗ್ರಿ ಒಳಗಿರ್ಬೇಕು, ಒಂದು ಡಿಗ್ರಿ ದಾಟಿದ್ರೆ ಮತ್ತೆ ಕಟ್ ಮಾಡು. ಕೋಟಿಂಗ್ ಸುಲಿದ್ಮೇಲೆ ಆಲ್ಕೋಹಾಲ್‌ನಲ್ಲಿ ಒರೆಸಿ *ಆಮೇಲೆ* ಕಟ್ ಮಾಡ್ಬೇಕು, ಕಟ್ ಮಾಡಿ ಆಮೇಲೆ ಒರೆಸೋರನ್ನ ಕಣ್ಣಾರೆ ನೋಡಿದೀನಿ. ಎಲೆಕ್ಟ್ರೋಡ್ ಹಳೇದಾಗಿದ್ರೆ ಆರ್ಕ್ (ಎಳೆ ಕರಗಿಸಿ ಬೆಸೆಯೋ ಕಿಡಿ) ಕೂಡ ಸರಿಯಾಗಿ ಬರಲ್ಲ, ಬೆಳಿಗ್ಗೆ ಕೆಲ್ಸ ಶುರು ಮಾಡೋ ಮುಂಚೆ ಆರ್ಕ್ ಕ್ಯಾಲಿಬ್ರೇಷನ್ ಒಂದ್ಸಲ ಮಾಡ್ಕೋ.

ಒಂಟಿ ಎಳೆ:
ಕ್ಲೀವರ್ ಹಾಳಾಗಿದ್ರೆ ಲಾಸ್ ಅಲ್ಲೊಂದು ಇಲ್ಲೊಂದು ಎಳೇಲಿ ಬರ್ತಿತ್ತು, ಇಷ್ಟು ನೀಟಾಗಿ ಒಂದ್ಕಡೆ ಎಲ್ಲಾ ಮೈನಸ್ಸು ಇನ್ನೊಂದ್ಕಡೆ ಎಲ್ಲಾ ಪ್ಲಸ್ಸು ಬರಲ್ಲ. ಗಾಜಿನೆಳೆ, ನಿನ್ ಹತ್ರ ಎರಡು ಬೇರೆಬೇರೆ ವಿಷ್ಯ ಇದೆ, ಒಂದೇ ಅಂದ್ಕೊಂಡಿದೀಯ.

ಮೊದ್ಲು ಮೈನಸ್ ವಿಷ್ಯ. ಒಟಿಡಿಆರ್ ಮುಂದೆ ಹೋಗೋ ಬೆಳಕನ್ನ ಅಳೆಯಲ್ಲ, ಗಾಜೊಳಗೆ ಚೆದುರಿ ವಾಪಸ್ ಬರೋ ಚೂರುಪಾರು ಬೆಳಕನ್ನ ಅಳೆಯುತ್ತೆ. ನಿನ್ ಹೊಸ ಫೈಬರ್‌ನ ಮೋಡ್ ಫೀಲ್ಡ್ (ಎಳೆಯೊಳಗೆ ಬೆಳಕು ಹರಡ್ಕೊಳ್ಳೋ ಅಗಲ) ಹಳೇದಕ್ಕಿಂತ ಸ್ವಲ್ಪ ಚಿಕ್ಕದಿರ್ಬೇಕು, ಚಿಕ್ಕದಿದ್ರೆ ಜಾಸ್ತಿ ಬೆಳಕು ವಾಪಸ್ ಬರುತ್ತೆ, ಹಂಗಾಗಿ ಹಳೇದ್ರಿಂದ ಹೊಸದಕ್ಕೆ ಹೋಗೋ ಜಾಗದಲ್ಲಿ ಸ್ಕ್ರೀನ್ ಮೇಲಿನ ಗೆರೆ ಮೇಲಕ್ಕೆ ಹಾರುತ್ತೆ, ಅದೇ ಹೊಸದ್ರಿಂದ ಹಳೇದಕ್ಕೆ ಬರೋ ಜಾಗದಲ್ಲಿ ಅಷ್ಟೇ ಕೆಳಗೆ ಬೀಳುತ್ತೆ, ಜಾಯಿಂಟಿನ ನಿಜವಾದ ಲಾಸ್ ಎರಡ್ರಲ್ಲೂ ಸೇರಿರುತ್ತೆ. ಬೆಳಕೇನೂ ಹುಟ್ಕೊಂಡಿಲ್ಲ ಮಾರಾಯ. ಮೈನಸ್ 0.12 ಮತ್ತೆ 0.20 ಕೂಡಿಸು, 0.08. ಎರಡು ಜಾಯಿಂಟ್‌ಗೆ ಹಂಚಿದ್ರೆ ಒಂದಕ್ಕೆ ಸುಮಾರು 0.04, ಅದು ಒಳ್ಳೇ ಜಾಯಿಂಟೇ. ಆದ್ರೆ ಇದು ಬಾಯ್ಲೆಕ್ಕ, ಇದನ್ನ ರಿಪೋರ್ಟಲ್ಲಿ ಬರೀಬೇಡ. ಆ ತುದಿಯಿಂದ್ಲೂ ಅಳೆದು ಒಂದೊಂದು ಜಾಯಿಂಟ್‌ಗೂ ಎರಡೂ ದಿಕ್ಕಿನ ಸರಾಸರಿ ತೆಗಿ, ಅದೇ ನಿಜವಾದ ಲೆಕ್ಕ.

ಈಗ ಆ ಮೂರು ಎಳೆ. 1310ರಲ್ಲಿ ಎಷ್ಟು ಬರ್ತಿದೆ ಅಂತ ನೀನು ಹೇಳೇ ಇಲ್ಲ! 1310ರಲ್ಲೂ 0.60 ಇದ್ರೆ ಜಾಯಿಂಟೇ ಕೆಟ್ಟಿದೆ. 1310ರಲ್ಲಿ ಪಕ್ಕದ ಎಳೆಗಳ ಥರ 0.20 ಹತ್ರ ಇದ್ದು 1550ರಲ್ಲಿ ಮಾತ್ರ ಜಿಗಿದ್ರೆ ಫೈಬರ್ ಎಲ್ಲೋ ಬಗ್ಗಿದೆ ಅಂತ ಅರ್ಥ, ಉದ್ದ ತರಂಗ ಬಗ್ಗಿದ ಕಡೆ ಬೇಗ ಸೋರುತ್ತೆ. ಅದೂ ಹಳೇ ಕೇಬಲ್ ಕಡೆ ಸುತ್ತಲ್ಲೇ ಹುಡುಕು, 652ಡಿಗೆ 30 ಎಂಎಂ ರೇಡಿಯಸ್ ಕೊಡ್ಬೇಕು, 657ಎ1 ಆದ್ರೆ 10 ಎಂಎಂವರೆಗೂ ತಡ್ಕೊಳ್ಳುತ್ತೆ.

ಮಷಿನ್ ನಂಬರ್ ವಿಷ್ಯ ಹೇಳೋದಾದ್ರೆ, ಅದು ಕ್ಯಾಮೆರಾದಲ್ಲಿ ಎರಡು ಕಡೆಯಿಂದ ನೋಡಿ ಕೋರ್ (ಎಳೆ ನಡುವೆ ಬೆಳಕು ಹೋಗೋ ಭಾಗ) ಎಷ್ಟು ಆಚೀಚೆ ಆಗಿದೆ ಅಂತ ಲೆಕ್ಕ ಹಾಕಿ ಹೇಳೋ ಅಂದಾಜು. ಆಮೇಲೆ ನೀನು ಸ್ಲೀವ್ (ಜಾಯಿಂಟ್ ಕಾಪಾಡೋ ಕೊಳವೆ) ಹಾಕಿದ್ದು, ಟ್ರೇಲಿ ಸುತ್ತಿದ್ದು, ಮುಚ್ಚಳ ಒತ್ತಿದ್ದು ಅದಕ್ಕೇನು ಗೊತ್ತು?

ರಾತ್ರಿ ಪಾಳಿ:
+1. ಬಾಕ್ಸ್ ತೆಗೆಯೋ ಮುಂಚೆ ಬೇರೆ ಎಳೆಗಳಲ್ಲಿ ಟ್ರಾಫಿಕ್ ಓಡ್ತಿದ್ಯಾ ನೋಡ್ಕೊಳಿ, ಮೂರು ರಿಪೇರಿ ಮಾಡೋಕೆ ಹೋಗಿ ಇಪ್ಪತ್ತೊಂದು ಅಲ್ಲಾಡಿಸಿ ಬೈಸ್ಕೊಂಡಿದೀನಿ 😅 ಮತ್ತೆ ಕೆಂಪು ಲೇಸರ್ ಬಿಟ್ಟು ಬೆಂಡ್ ಹುಡುಕ್ತೀನಿ ಅಂತ ಕೂರ್ಬೇಡಿ, ಜೋರಾಗಿ ಮಡಚಿದ್ರೆ ಮಾತ್ರ ಸೋರೋದು ಕಾಣುತ್ತೆ. ಒಟಿಡಿಆರ್‌ನ 1550ರಲ್ಲಿ ರಿಯಲ್ ಟೈಮ್‌ಗೆ ಇಟ್ಟು ಆ ತುದೀಲಿ ಒಬ್ರನ್ನ ಕೂರ್ಸಿ, ನೀವು ಸುತ್ತನ್ನ ಮೆಲ್ಲಗೆ ಸಡಿಲ ಮಾಡ್ತಾ ಬನ್ನಿ, ಅವ್ರು ಫೋನಲ್ಲಿ ಹೇಳ್ತಾರೆ ಇಳೀತಾ ಇಲ್ವಾ ಅಂತ.

ಗಾಜಿನೆಳೆ:
1310ರಲ್ಲಿ ಮೂರೂ 0.21, 0.22 ಇದೆ. ನಾನು 1550 ಮಾತ್ರ ನೋಡಿ ಗಾಬರಿಯಾಗಿದ್ದು. ನಾಳೆ ಓಪನ್ ಮಾಡ್ತೀವಿ.

ಗಾಜಿನೆಳೆ:
ಅಪ್‌ಡೇಟ್. ಸಿಕ್ತು! ಎರಡ್ನೇ ಬಾಕ್ಸ್‌ನಲ್ಲಿ ಆ ಮೂರು ಸ್ಲೀವ್ ಹೋಲ್ಡರ್‌ನಲ್ಲಿ ಪೂರ್ತಿ ಕೂತಿರ್ಲಿಲ್ಲ, ಅವುಗಳ ಹಳೇ ಕಡೆಯ ಎಳೆ ಮೇಲೆದ್ದು ಟ್ರೇ ಮುಚ್ಚಳದ ಅಂಚಿಗೆ ಸಿಕ್ಕಿ ಮಡಚ್ಕೊಂಡಿತ್ತು. ಬಿಡಿಸಿ ದೊಡ್ಡದಾಗಿ ಸುತ್ತಿಟ್ಟ ತಕ್ಷಣ 0.63 ಇದ್ದಿದ್ದು 0.20ಕ್ಕೆ ಬಂತು, ಒಂದು ಸಲಾನೂ ಆರ್ಕ್ ಹೊಡೀಲಿಲ್ಲ. ಆ ತುದಿಯಿಂದ್ಲೂ ಅಳೆದ್ವಿ, ಸರಾಸರಿ ಎಲ್ಲಾ 0.03ರಿಂದ 0.06 ಒಳಗೆ. ಈಗ ಮೈನಸ್ ಯಾಕೆ ಬಂತು ಅಂತ ಮೇಲಿನೋರಿಗೆ ಅರ್ಥ ಮಾಡ್ಸೋ ಕೆಲ್ಸ ಬಾಕಿ.

ಹಳೇ ಕ್ಲೀವರ್:
ಸರಿ ಒಪ್ಕೊಂಡೆ. ಬ್ಲೇಡ್ ಮಾತ್ರ ತಿರುಗಿಸ್ಬಿಡು ಹೆಂಗಿದ್ರೂ.