ಕರಿದ ಎಣ್ಣೆಯ ಪತ್ತೇದಾರಿ

ಹಬ್ಬಕ್ಕೆ ಇನ್ನೂ ಹತ್ತು ದಿನ ಇತ್ತು. ಈ ಸಲ ಎಲ್ಲರೂ ದೊಡ್ಡಮಾವನ ಮನೆಯಲ್ಲಿ ಸೇರುವುದು ಎಂದು ಮೊದಲೇ ತೀರ್ಮಾನವಾಗಿತ್ತು. ಒಟ್ಟು ಇಪ್ಪತ್ತಮೂರು ಜನ. ಮನೆಮಂದಿ ಗುಂಪಿನಲ್ಲಿ ಅಕ್ಕ ಒಂದು ಚಿಕ್ಕ ಸಂದೇಶ ಹಾಕಿದಳು: "ಪುಟ್ಟಿಗೆ ಸೀಲಿಯಾಕ್ ಇರುವುದು ಗೊತ್ತಲ್ವಾ. ಅಡುಗೆ ಪಟ್ಟಿ ಮಾಡುವಾಗ ನನ್ನನ್ನು ಒಮ್ಮೆ ಕೇಳಿ." ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ತಿಂದರೆ ಕರುಳು ಕೆಡುವ ಕಾಯಿಲೆ ಅದು. ಸಂದೇಶಕ್ಕೆ ಆರು ಹೆಬ್ಬೆರಳು ಬಂದವು. ಉತ್ತರ ಒಂದೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ದೊಡ್ಡಮಾವನ ಫಾರ್ವರ್ಡ್ ಬಂತು. ಹಲವು ಬಾರಿ ಫಾರ್ವರ್ಡ್ ಆದದ್ದು ಎಂದು ಮೇಲೆಯೇ ಗುರುತು ಇತ್ತು.

"ಗ್ಲುಟನ್ ಫ್ರೀ ಎಂಬ ಮಹಾಮೋಸ! ನಮ್ಮ ಹಿರಿಯರು ಸಾವಿರಾರು ವರ್ಷ ಗೋಧಿ ತಿಂದರು. ಯಾರಿಗೂ ಏನೂ ಆಗಲಿಲ್ಲ. ಈಗ ಕಾಯಿಲೆ ಹುಟ್ಟಿಸಿ ಹಿಟ್ಟು ಮಾರುತ್ತಿದ್ದಾರೆ. ದಿನಾ ಚೂರು ಚೂರು ತಿಂದರೆ ದೇಹ ತಾನಾಗಿ ಒಗ್ಗಿಕೊಳ್ಳುತ್ತದೆ. ಹತ್ತು ಜನರಿಗೆ ಕಳಿಸಿ."

ಮುಂದಿನದನ್ನು ಗುಂಪಿನಿಂದಲೇ ಎತ್ತಿ ಹಾಕುತ್ತಿದ್ದೇನೆ. ಶುಭೋದಯದ ಹೂಗಳನ್ನೂ ಚಿಕ್ಕಪ್ಪನ ಎರಡು ಜೋಕುಗಳನ್ನೂ ಬಿಟ್ಟಿದ್ದೇನೆ.

ಚಿಕ್ಕಪ್ಪ: ಸತ್ಯವಾದ ಮಾತು. ನಮ್ಮ ಕಾಲದಲ್ಲಿ ಈ ಹೆಸರೇ ಕೇಳಿರಲಿಲ್ಲ.

ಅಕ್ಕ: ಮಾವ, ಇದು ಯಾರಿಗೆ ಹೇಳಿದ್ದು?

ದೊಡ್ಡಮಾವ: ಯಾರಿಗೂ ಅಲ್ಲಮ್ಮ. ನನಗೆ ಬಂತು, ಹಾಕಿದೆ. ಮಾಹಿತಿಗೆ.

ಭಾವ: ಹಾಗಾದರೆ ನನ್ನದೂ ಸ್ವಲ್ಪ ಮಾಹಿತಿ. 1888ರಲ್ಲೇ ಲಂಡನ್ನಿನ ಮಕ್ಕಳ ವೈದ್ಯ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯ ಬಗ್ಗೆ ಬರೆದಿದ್ದಾರೆ. ಆಗ ಯಾವ ಕಂಪನಿ ಗ್ಲುಟನ್ ಫ್ರೀ ಹಿಟ್ಟು ಮಾರುತ್ತಿತ್ತು? ಕಾರಣ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಒಂದು ಮಗುವಿಗೆ ದಿನಾ ಸಮುದ್ರದ ಚಿಪ್ಪುಜೀವಿ ತಿನ್ನಿಸಿದರು, ಚೇತರಿಸಿಕೊಂಡಿತು. ಚಿಪ್ಪುಜೀವಿ ಸಿಗುವ ಕಾಲ ಮುಗಿಯಿತು, ಮಗು ಮತ್ತೆ ಹಾಸಿಗೆ ಹಿಡಿಯಿತು. ಆಮೇಲೆ ಅಮೆರಿಕದಲ್ಲಿ ಮಕ್ಕಳಿಗೆ ಬಾಳೆಹಣ್ಣೇ ಮುಖ್ಯವಾದ ಪಥ್ಯ ಕೊಟ್ಟು ನೋಡಿದರು. ಗೋಧಿಯೇ ಕಾರಣ ಎಂದು ತೋರಿಸಿದ್ದು ಡಿಕ್ಕೆ ಎಂಬ ಡಚ್ ವೈದ್ಯರು. 1944–45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಯುದ್ಧದಿಂದ ಕ್ಷಾಮ. ಬ್ರೆಡ್ ಸಿಗುತ್ತಿರಲಿಲ್ಲ. ಊರೆಲ್ಲ ಸೊರಗಿತ್ತು, ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ ವಾಪಸ್ ಬಂದಾಗ ಮತ್ತೆ ಹುಷಾರು ತಪ್ಪಿದರು. 1950ರಲ್ಲಿ ಡಿಕ್ಕೆ ಇದನ್ನೇ ಪ್ರಬಂಧವಾಗಿ ಬರೆದರು.

ಚಿಕ್ಕಪ್ಪ: ಬೆಳಿಗ್ಗೆ ಬೆಳಿಗ್ಗೆ ಪಾಠ ಶುರು.

ಭಾವ ಪುಟ್ಟಿಯ ಅಪ್ಪ. ಎರಡು ವರ್ಷದಿಂದ ಬೇರೇನನ್ನೂ ಓದಿಲ್ಲ. ಅವರ ಸಂದೇಶಗಳು ಯಾವಾಗಲೂ ಉದ್ದ, ಅದು ನಿಜ.

ಅತ್ತಿಗೆ: ನಾನೂ ಎರಡು ವರ್ಷದಿಂದ ಗ್ಲುಟನ್ ಬಿಟ್ಟಿದ್ದೇನೆ. ಹೊಟ್ಟೆ ಉಬ್ಬರ ಇಲ್ಲ, ಮೈ ಹಗುರ. ಎಲ್ಲರೂ ಬಿಡಬೇಕು.

ಚಿಕ್ಕಪ್ಪ: ಹೋದ ತಿಂಗಳ ಹುಟ್ಟುಹಬ್ಬದಲ್ಲಿ ಎರಡು ತುಂಡು ಕೇಕ್ ತಿಂದದ್ದು ಯಾರು?

ಅತ್ತಿಗೆ: ಅದು ಚೀಟ್ ಡೇ, ಪಥ್ಯಕ್ಕೆ ರಜೆ.

ಅಕ್ಕ: ಇದೇ ನೋಡಿ ನನಗೆ ಸಂಕಟ. ಪುಟ್ಟಿಗೆ ಚೀಟ್ ಡೇ ಅನ್ನೋದೇ ಇಲ್ಲ. ನೀನು ಎರಡು ತುಂಡು ತಿಂದದ್ದನ್ನು ನೋಡಿದವರು ಅವಳಿಗೂ "ಒಂದು ತುಂಡಿಗೆ ಏನಾಗಲ್ಲ" ಅಂತಾರೆ.

ಅತ್ತಿಗೆ ಅರ್ಧ ಗಂಟೆ ಏನೂ ಬರೆಯಲಿಲ್ಲ. ಅಕ್ಕನ ಮಾತು ಸರಿ. ಆದರೂ ಅತ್ತಿಗೆಯಂಥವರು ಕೊಳ್ಳುವುದರಿಂದಲೇ ಅಂಗಡಿಯಲ್ಲಿ ಆ ಪೊಟ್ಟಣಗಳು ಇಷ್ಟು ಸುಲಭವಾಗಿ ಸಿಗುವುದು. ಗುಂಪಿನಲ್ಲಿ ಇದನ್ನು ಹೇಳುವ ಧೈರ್ಯ ನನಗೆ ಆಗಲಿಲ್ಲ.

ಅತ್ತೆ: ಜಗಳ ಯಾಕೆ? ಪುಟ್ಟಿಗೆ ನಾನು ಬೇರೆ ಮಾಡಿಡುತ್ತೇನೆ. ಹೋದ ವರ್ಷವೂ ಮಾಡಿರಲಿಲ್ವಾ?

ಅಕ್ಕ: ಮಾಡಿದ್ದಿರಿ ಅತ್ತೆ. ಆ ರಾತ್ರಿಯಿಂದ ಮೂರು ದಿನ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ನಿಮಗೆ ಬೇಜಾರಾಗುತ್ತದೆ ಎಂದು ಹೇಳಿರಲಿಲ್ಲ.

ಇಲ್ಲಿ ಗುಂಪು ಒಂದು ಗಳಿಗೆ ನಿಂತಿತು. ಅತ್ತೆ ಏನೋ ಟೈಪ್ ಮಾಡುತ್ತಿದ್ದಾರೆ ಎಂದು ಕಾಣಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕಾಣಿಸುತ್ತಿತ್ತು.

ಅತ್ತೆ: ಬರೀ ಅಕ್ಕಿ ಹಿಟ್ಟಿನಲ್ಲಿ ಮಾಡಿದ್ದು. ನನ್ನ ಕೈಯಾರೆ. ಒಂದು ಚಿಟಿಕೆ ಗೋಧಿ ಸೋಕಿಸಿಲ್ಲ.

ಭಾವ: ಅತ್ತೆ, ಕರಿದದ್ದು ಯಾವ ಎಣ್ಣೆಯಲ್ಲಿ?

ಅತ್ತೆ: ಒಲೆ ಮೇಲೆ ಇದ್ದ ಬಾಣಲೆಯಲ್ಲೇ. ಅದಕ್ಕೆ ಮೊದಲು ಮೈದಾದ್ದು ಕರಿದಿದ್ದೆ. ಆದರೆ ಕುದಿಯುವ ಎಣ್ಣೆಯಲ್ಲಿ ಏನು ಉಳಿಯುತ್ತೆ?

ಭಾವ: ಕಾಯಿಸಿದರೆ ಸಾಯೋಕೆ ಅದು ಕ್ರಿಮಿಯಲ್ಲ ಅತ್ತೆ, ಪ್ರೋಟೀನು. ಎಣ್ಣೆಗೆ ಬಿದ್ದ ಹಿಟ್ಟಿನ ಚೂರು ಅಲ್ಲೇ ಇರುತ್ತೆ, ಮುಂದಿನದಕ್ಕೆ ಅಂಟುತ್ತೆ.

ಚಿಕ್ಕಪ್ಪ: ಅಷ್ಟು ಸಣ್ಣ ಚೂರಿಗೆ ಮೂರು ದಿನ ಹಾಸಿಗೆಯಾ?

ಭಾವ: ಲೆಕ್ಕ ಹೇಳ್ತೀನಿ. ಗ್ಲುಟನ್ ಫ್ರೀ ಎಂದು ಮಾರುವ ಪದಾರ್ಥದಲ್ಲಿ ಒಂದು ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟನ್ ಇರಬಾರದು. ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಅದು. ಒಂದು ತುಂಡು ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ ಇರುತ್ತೆ. ಅದರ ನಲವತ್ತರಲ್ಲಿ ಒಂದು ಪಾಲು, ಅಂದರೆ 50 ಮಿಲಿಗ್ರಾಂ, ಮೂರು ತಿಂಗಳು ದಿನಾ ಹೋದರೆ ಕರುಳಿಗೆ ಪೆಟ್ಟಾಗುತ್ತೆ. ಒಳಗೋಡೆಯಲ್ಲಿ ಸಣ್ಣ ಬೆರಳಿನಂಥ ಎಳೆಗಳಿವೆ, ಅನ್ನದ ಸತ್ವ ಹೀರುವುದು ಅವೇ. ಮೈಯ ರಕ್ಷಣಾ ಪಡೆ ಗ್ಲುಟನ್ ನೋಡಿ ಕೆರಳುತ್ತೆ, ಹೊಡೆತ ಬೀಳೋದು ಆ ಎಳೆಗಳಿಗೆ. ಚಪ್ಪಟೆಯಾಗಿಬಿಡುತ್ತವೆ. ಚೂರು ಚೂರು ತಿಂದರೆ ಒಗ್ಗುತ್ತೆ ಎನ್ನೋದು ಇದಕ್ಕೆ ತೀರಾ ಉಲ್ಟಾ.

ಚಿಕ್ಕಪ್ಪ: ಸರಿಯಪ್ಪ. ಆದರೆ ಒಬ್ಬಳಿಗಾಗಿ ಇಪ್ಪತ್ತೆರಡು ಜನ ಸಪ್ಪೆ ಊಟ ಮಾಡಬೇಕಾ? ಹಬ್ಬ ಸ್ವಾಮಿ ಇದು, ಆಸ್ಪತ್ರೆಯಲ್ಲ.

ನಿಜ ಹೇಳಬೇಕು ಅಂದರೆ ಇದೇ ಪ್ರಶ್ನೆ ನನ್ನ ತಲೆಯಲ್ಲೂ ಇತ್ತು, ನಾನು ಕೇಳಿರಲಿಲ್ಲ ಅಷ್ಟೇ. ಹಾಗಾಗಿ ಅತ್ತೆಯ ಕರಡು ಪಟ್ಟಿಯನ್ನು ತೆರೆದು ಒಂದೊಂದಾಗಿ ನೋಡಿದೆ. ಅನ್ನ, ಬೇಳೆ, ತರಕಾರಿ, ಆಲೂಗಡ್ಡೆ, ಮೊಸರು, ಮೊಟ್ಟೆ, ಹಣ್ಣು, ಬೀಜಗಳು. ಇದರಲ್ಲಿ ಯಾವುದರಲ್ಲೂ ಗ್ಲುಟನ್ ಇಲ್ಲ. ಇರುವುದು ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳಲ್ಲಿ ಮತ್ತು ಅವುಗಳ ಮಕ್ಕಳು ಮೊಮ್ಮಕ್ಕಳಲ್ಲಿ. ಹದಿನಾಲ್ಕು ಬಗೆಯಲ್ಲಿ ತಕರಾರಿನವು ನಾಲ್ಕೇ.

ನಾನು: ಚಿಕ್ಕಪ್ಪ, ಹತ್ತು ಬಗೆ ಆಗಲೇ ಸರಿಯಿವೆ. ನೀವು ವರ್ಷಾ ವರ್ಷಾ ಅದನ್ನೇ ತಿಂದು ಚೆನ್ನಾಗಿದೆ ಅಂದಿದ್ದೀರಿ. ಉಳಿದದ್ದು ಗಟ್ಟಿ ಗ್ರೇವಿ, ಸೋಯಾ ಸಾಸ್ ಹಾಕುವ ನೂಡಲ್ಸ್, ಕರಿದದ್ದು, ಕೇಕ್.

ಅತ್ತೆ: ಸೋಯಾ ಸಾಸಿಗೇನಾಯ್ತು? ಅದು ಸೋಯಾ ಅಲ್ವಾ?

ಅಕ್ಕ: ಸಾಮಾನ್ಯವಾಗಿ ಅದರಲ್ಲಿ ಗೋಧಿಯೂ ಇರುತ್ತೆ ಅತ್ತೆ. ಗೋಧಿ ಹಾಕದ್ದು ಬೇರೆ ಸಿಗುತ್ತೆ, ನಾನು ತರ್ತೀನಿ. ಮಾಲ್ಟ್ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಬಾರ್ಲಿ. ರವೆ, ಶಾವಿಗೆ ಗೋಧಿಯದಾದರೆ ಅವೂ ಬೇಡ. ಓಟ್ಸ್ ಬೇಕಿದ್ದರೆ ಗ್ಲುಟನ್ ಫ್ರೀ ಎಂದು ಬರೆದದ್ದೇ ಆಗಬೇಕು, ಹೊಲದಲ್ಲೂ ಗಿರಣಿಯಲ್ಲೂ ಗೋಧಿ ಬೆರೆತಿರುತ್ತೆ.

ಅತ್ತೆ: ಗ್ರೇವಿಗೆ ಮೈದಾ ಬಿಟ್ಟು ಏನು ಹಾಕಲಿ?

ಅಕ್ಕ: ಮುಸುಕಿನ ಜೋಳದ ಪಿಷ್ಟ, ಕಾರ್ನ್‌ಫ್ಲೋರ್. ಮೈದಾದ ಅರ್ಧದಷ್ಟು ಸಾಕು. ತಣ್ಣೀರಿನಲ್ಲಿ ಕಲಸಿ ಕೊನೆಗೆ ಹಾಕಿ, ಇಲ್ಲದಿದ್ದರೆ ಗಂಟಾಗುತ್ತೆ.

ಅತ್ತೆ: ಅದು ಗೊತ್ತಮ್ಮ ನನಗೆ. ಕೇಕ್ ಹೇಳು. ಕೇಕ್ ಕಲ್ಲಾಗುತ್ತೆ, ಇಲ್ಲಾಂದ್ರೆ ಪುಡಿಯಾಗುತ್ತೆ. ಎರಡು ಸಲ ಮಾಡಿ ಎಸೆದಿದ್ದೇನೆ.

ಈ ಮಾತು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಯಾರಿಗೂ ಹೇಳದೆ ಪುಟ್ಟಿಗಾಗಿ ಎರಡು ಸಲ ಕೇಕ್ ಮಾಡಿ ನೋಡಿದ್ದರು. ಅಕ್ಕನ ಧಾಟಿಯೇ ಅಲ್ಲಿಂದ ಬದಲಾಯಿತು. ಮುಂದಿನ ಇಪ್ಪತ್ತು ನಿಮಿಷ ಗುಂಪು ಅವರಿಬ್ಬರದ್ದೇ.

ಅಕ್ಕ: ಬರೀ ಅಕ್ಕಿ ಹಿಟ್ಟು ಹಾಕಿದಿರಾ?

ಅತ್ತೆ: ಹೂಂ.

ಅಕ್ಕ: ಅದಕ್ಕೇ. ಗ್ಲುಟನ್ ಅಂದರೆ ಹಿಟ್ಟನ್ನು ಹಿಡಿದಿಡುವ ಅಂಟು. ಅದು ಇಲ್ಲದಾಗ ಆ ಕೆಲಸಕ್ಕೆ ಬೇರೆ ಯಾರನ್ನಾದರೂ ಇಡಬೇಕು. ಎರಡು ಲೋಟ ನುಣ್ಣನೆ ಅಕ್ಕಿ ಹಿಟ್ಟಿಗೆ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ಲೋಟ ಆಲೂಗಡ್ಡೆ ಪಿಷ್ಟ, ಕಾಲಿಗಿಂತ ಸ್ವಲ್ಪ ಜಾಸ್ತಿ ಮರಗೆಣಸಿನ ಪಿಷ್ಟ. ಒಂದು ಲೋಟ ಮಿಶ್ರಣಕ್ಕೆ ಅರ್ಧ ಟೀ ಚಮಚ ಜ್ಯಾಂಥನ್ ಗಮ್, ಅದೊಂದು ಅಂಟಿನ ಪುಡಿ. ಅದಕ್ಕಿಂತ ಜಾಸ್ತಿ ಹಾಕಿದರೆ ರಬ್ಬರ್.

ಅತ್ತೆ: ಬಾಯಿಗೆ ಮರಳು ಮರಳಾಗಿ ಸಿಗುತ್ತಲ್ಲ?

ಅಕ್ಕ: ಕಲಸಿ ಅರ್ಧ ಗಂಟೆ ಸುಮ್ನೆ ಬಿಡಿ. ಹಿಟ್ಟು ನೀರು ಕುಡಿಯಲಿ. ಆಮೇಲೆ ಬೇಯಿಸಿ. ಸೋಡಾ, ಬೇಕಿಂಗ್ ಪೌಡರ್ ಬೇಯಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಉಬ್ಬು ಹೋಗುತ್ತೆ. ಒಂದು ಮೊಟ್ಟೆ ಜಾಸ್ತಿ ಇರಲಿ.

ಅತ್ತೆ: ಬೆಂದ ಮೇಲೆ ತೆಗೆಯುವಾಗಲೇ ಮುರಿದುಹೋಗುತ್ತೆ.

ಅಕ್ಕ: ಬಿಸಿಯಲ್ಲಿ ಮುಟ್ಟಲೇಬೇಡಿ. ಪಾತ್ರೆಯಲ್ಲೇ ಆರಲಿ. ಬಿಸಿಯಲ್ಲಿ ಒಳಗೆ ಹಸಿ ಅನ್ನಿಸುತ್ತೆ, ಆರಿದ ಮೇಲೆ ಕೂರುತ್ತೆ. ಬಾದಾಮಿ ಪುಡಿಯಲ್ಲಿ ಮಾಡಿದರೆ ಈ ರಗಳೆಯೇ ಕಡಿಮೆ. ಅದು ಮೊದಲಿಂದಲೂ ಗ್ಲುಟನ್ ಕೇಳದ ಕೇಕು.

ಚಿಕ್ಕಪ್ಪ: ಬಾದಾಮಿ ಕೇಕ್ ಆದರೆ ನನ್ನ ತಕರಾರಿಲ್ಲ.

ಆಗ ಪುಟ್ಟಿ ಬರೆದಳು. ಅವಳು ಗುಂಪಿನಲ್ಲಿದ್ದಾಳೆ ಎನ್ನುವುದೇ ನಮಗೆ ಮರೆತುಹೋಗಿತ್ತು. ಹದಿನಾರು ವರ್ಷದವರು ಮನೆಮಂದಿ ಗುಂಪನ್ನು ಓದುವುದಿಲ್ಲ ಎಂದುಕೊಂಡಿರುತ್ತೇವೆ.

ಪುಟ್ಟಿ: ಬೆಳಿಗ್ಗೆಯಿಂದ ಎಲ್ಲಾ ಓದ್ತಾ ಇದ್ದೇನೆ. ಮಾವ, ಆ ಫಾರ್ವರ್ಡ್ ನನ್ನ ಕ್ಲಾಸಿನ ಗುಂಪಿಗೂ ಬಂದಿತ್ತು. ಅದು ಬಿಡಿ. ನನಗೆ ಕೇಕ್ ಇಲ್ಲದಿದ್ದರೂ ನಡೆಯುತ್ತೆ. ಎರಡೇ ಕೇಳೋದು. ಒಂದು, ನನ್ನ ತಟ್ಟೆ ತರುವಾಗ "ಇದು ಪುಟ್ಟಿಯ ಸ್ಪೆಷಲ್" ಅಂತ ಕೂಗಬೇಡಿ. ಆಮೇಲೆ ಎಲ್ಲರೂ ಒಂದೊಂದು ಚಮಚ ರುಚಿ ನೋಡ್ತಾರೆ. ತಾವು ತಿಂತಾ ಇದ್ದ ಅದೇ ಚಮಚದಲ್ಲಿ. ಹೋದ ವರ್ಷ ನನಗೆ ಉಳಿದದ್ದು ಅರ್ಧ. ಎರಡು, ನನ್ನನ್ನು ಮೊದಲು ಬಡಿಸಿಕೊಳ್ಳೋಕೆ ಬಿಡಿ. ಇಪ್ಪತ್ತು ಜನ ಬಡಿಸಿಕೊಂಡ ಮೇಲೆ ಯಾವ ಸೌಟು ಯಾವ ಪಾತ್ರೆಗೆ ಹೋಗಿದೆ ಅಂತ ದೇವರಿಗೂ ಗೊತ್ತಿರಲ್ಲ.

ಚಿಕ್ಕಪ್ಪ: ರುಚಿ ನೋಡಿದವರಲ್ಲಿ ನಾನೂ ಇದ್ದೆ ಮರಿ.

ಪುಟ್ಟಿ: ಗೊತ್ತು. ನೀವು ಮೂರು ಚಮಚ.

ಅಷ್ಟರಲ್ಲಿ ಅಜ್ಜಿಯ ಧ್ವನಿ ಸಂದೇಶ ಬಂತು. ಎರಡು ನಿಮಿಷದ್ದು. ಅದರಲ್ಲಿ ಒಂದು ನಿಮಿಷ "ಒತ್ತಿ ಹಿಡಿಯಬೇಕಾ, ಬಿಡಬೇಕಾ" ಎಂಬ ವಿಚಾರಣೆ. ಉಳಿದ ಒಂದು ನಿಮಿಷದಲ್ಲಿ ಅಜ್ಜಿ ಹೇಳಿದ್ದು ಇಷ್ಟು: ಅವರ ತಮ್ಮನೊಬ್ಬ ಇದ್ದ. ಹೊಟ್ಟೆ ಮಾತ್ರ ದಪ್ಪ, ಕೈಕಾಲು ಕಡ್ಡಿ. ಏನು ತಿಂದರೂ ಮೈಗೆ ಹತ್ತುತ್ತಿರಲಿಲ್ಲ. ದೃಷ್ಟಿ ಅಂದರು, ಹುಳು ಅಂದರು. ಐದು ತುಂಬುವ ಮೊದಲೇ ಹೋದ. "ಯಾರಿಗೂ ಏನೂ ಆಗಲಿಲ್ಲ ಅಂತ ಬರೆದಿದ್ದು ಯಾರು? ಅವರು ನೋಡಿದ್ರಾ?"

ಅದು ಇದೇ ಕಾಯಿಲೆಯೋ ಬೇರೆಯೋ, ಈಗ ಹೇಳುವವರು ಯಾರೂ ಇಲ್ಲ. ಭಾವನೂ ಅದರ ಮೇಲೆ ಏನೂ ಬರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದೊಡ್ಡಮಾವನ ಫಾರ್ವರ್ಡ್ ಇದ್ದ ಜಾಗದಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ" ಎಂದು ಕಂಡಿತು. ಚಿಕ್ಕಪ್ಪ ಅದನ್ನು ಆಗಲೇ ಬೇರೆ ಮೂರು ಗುಂಪಿಗೆ ಕಳಿಸಿಯಾಗಿತ್ತು.

ಅತ್ತೆ: ಒಂದು ಮಾತು. ನನಗೆ ರಕ್ತ ಕಡಿಮೆ ಅಂತ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗುತ್ತಿದ್ದೇನೆ. ಏರೋದೇ ಇಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಭಾವ: ಇರಬಹುದು, ಇಲ್ಲದೆಯೂ ಇರಬಹುದು. ಕೆಲವರಿಗೆ ಹೊಟ್ಟೆ ತೊಂದರೆಯೇ ಇರಲ್ಲ, ರಕ್ತ ಕಡಿಮೆ ಆಗೋದೊಂದೇ ಗುರುತು. ಜನಸಂಖ್ಯೆಯಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ಕಾಯಿಲೆ ಇದೆ, ಬಹಳಷ್ಟು ಜನಕ್ಕೆ ಅದು ಗೊತ್ತೇ ಇಲ್ಲ. ವೈದ್ಯರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿ. ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳಲ್ಲಿ ಒಬ್ಬರಿಗೆ ಇದ್ದರೆ ಉಳಿದವರಿಗೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುತ್ತೆ. ನಾನೂ ಪುಟ್ಟಿಯ ಅಮ್ಮನೂ ಆಗಲೇ ಮಾಡಿಸಿದ್ದೇವೆ.

ಅತ್ತಿಗೆ: ಹಾಗಿದ್ರೆ ನಾನೂ ಮಾಡಿಸಲಾ? ನನಗೂ ಉಬ್ಬರ ಇತ್ತು.

ಭಾವ: ಮಾಡಿಸಬಹುದು. ಆದರೆ ಗ್ಲುಟನ್ ಬಿಟ್ಟವರಿಗೆ ಪರೀಕ್ಷೆ ಸುಳ್ಳು ಹೇಳಬಹುದು, ಕಾಯಿಲೆ ಇದ್ದರೂ ಇಲ್ಲ ಅನ್ನಬಹುದು. ವೈದ್ಯರು ಸರಿ ಅಂದರೆ ಆರು ವಾರವಾದರೂ ದಿನಾ ಒಂದಕ್ಕಿಂತ ಜಾಸ್ತಿ ಊಟದಲ್ಲಿ ಗೋಧಿ ತಿಂದು ಆಮೇಲೆ ರಕ್ತ ಕೊಡಬೇಕು. ಅತ್ತೆ, ಅದಕ್ಕೇ ನೀವು ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟುಬಿಡಬೇಡಿ.

ಚಿಕ್ಕಪ್ಪ: ಆರು ವಾರ ಚೀಟ್ ಡೇ! ಹಬ್ಬಕ್ಕೆ ಅತ್ತಿಗೆಯ ಪಾಲಿನ ಮೈದಾ ಕೇಕ್ ಬೇರೆ ಮಾಡಿ.

ಅಕ್ಕ: ಆ ಮನೆಯಲ್ಲಿ ಆ ದಿನ ಮೈದಾ ಪೊಟ್ಟಣ ಬಿಚ್ಚೋದೇ ಬೇಡ ಚಿಕ್ಕಪ್ಪ. ಗಾಳಿಯಲ್ಲಿ ಎದ್ದ ಹಿಟ್ಟಿನ ಧೂಳು ಎಷ್ಟೋ ಹೊತ್ತು ತೇಲಿ ಆಮೇಲೆ ಎಲ್ಲದರ ಮೇಲೂ ಕೂರುತ್ತೆ.

ಆಮೇಲೆ ಮಾತು ಕಾರಿನಲ್ಲಿ ಯಾರ ಜೊತೆ ಯಾರು ಎನ್ನುವ ಕಡೆ ಹೊರಳಿತು. ಅದರಲ್ಲೂ ಜಗಳವಾಯಿತು, ಅದು ಬೇರೆ ಕಥೆ.

ಹಬ್ಬಕ್ಕೆ ಮೂರು ದಿನ ಇರುವಾಗ ರಾತ್ರಿ ಒಂಬತ್ತಕ್ಕೆ ದೊಡ್ಡಮಾವ ಒಂದು ಫೋಟೋ ಹಾಕಿದರು. ಹೊಸ ಬಾಣಲೆ, ಹೊಸ ಜರಡಿ, ಎರಡು ಮರದ ಸೌಟು. ಸೌಟಿನ ಹಿಡಿಗೆ ಕೆಂಪು ದಾರ ಸುತ್ತಿತ್ತು. ಅಂದಿನಿಂದ ಗುಂಪಿನಲ್ಲಿ ಅವರು ಒಂದು ಮಾತೂ ಆಡಿರಲಿಲ್ಲ.

ದೊಡ್ಡಮಾವ: ಪುಟ್ಟಿ, ಇದು ನಡೆಯುತ್ತಾ?

ಪುಟ್ಟಿ: ಹೊಸದೇ ತಾನೇ? ನಡೆಯುತ್ತೆ ಮಾವ. ಹಿಂದೆ ಕಪಾಟಿನಲ್ಲಿ ಕಾಣ್ತಾ ಇರೋದು ಮೈದಾ ಡಬ್ಬವಾ?

ದೊಡ್ಡಮಾವ: ಹೌದು.

ಪುಟ್ಟಿ: ಬಾಣಲೆಯ ಸರೀ ಮೇಲಿದೆ.

ದೊಡ್ಡಮಾವ: ತೆಗೆಸ್ತೀನಿ.

ಎರಡು ನಿಮಿಷದ ಮೇಲೆ ಅದೇ ಕಪಾಟಿನ ಇನ್ನೊಂದು ಫೋಟೋ ಬಂತು, ಖಾಲಿ.