34 ಇಂಚಿನ ಮಾನಿಟರ್ ಬಂತು, ಹಳೆ 1650 ಗ್ರಾಫಿಕ್ಸ್ ಕಾರ್ಡಿಗೆ ಎಳೆಯಲಿಕ್ಕೆ ಆಗುತ್ತಿಲ್ಲ. ಯಾವುದು ಹಾಕಿಸಲಿ?

ಕಟಪಾಡಿ ಎಕ್ಸ್‌ಪ್ರೆಸ್:

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ದುಬೈ ಕೆಲಸ ಬಿಟ್ಟು ಊರಿಗೆ ಬಂದರು. ಕಾರ್ಗೋದಲ್ಲಿ ಬಂದ ಸಾಮಾನಿನ ನಡುವೆ 34 ಇಂಚಿನ ಬಾಗಿದ ಅಲ್ಟ್ರಾವೈಡ್ ಮಾನಿಟರ್ ಒಂದಿತ್ತು. "ಇನ್ನು ನನಗೆ ಇದೆಲ್ಲ ಎಂತಕ್ಕೆ, ನೀನೇ ಇಟ್ಟುಕೋ" ಅಂತ ಕೊಟ್ಟುಬಿಟ್ಟರು. 3440×1440 ಪಿಕ್ಸೆಲ್, 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತದೆ. ಮೇಜಿನ ಮೇಲೆ ಇಟ್ಟದ್ದು ನೋಡಿ ಅಮ್ಮ ಕೇಳಿದ್ದು ಒಂದೇ ಮಾತು: "ಕಿಟಕಿ ಪೂರಾ ಮುಚ್ಚಿ ಹೋಯಿತಲ್ಲ ಮಾರಾಯ?"

ನನ್ನ ಕ್ಯಾಬಿನೆಟ್ಟಿನ ಒಳಗೆ ಇರುವುದು ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ್‍ಯಾಮ್, ಜಿಟಿಎಕ್ಸ್ 1650 4 ಜಿಬಿ. ಒಳಗಿನ ಎಲ್ಲದಕ್ಕೂ ಕರೆಂಟ್ ಹಂಚುವ ಎಸ್‌ಎಂಪಿಎಸ್ 450 ವ್ಯಾಟ್, ಸ್ಟಿಕ್ಕರ್ ಅರ್ಧ ಎದ್ದುಹೋಗಿದೆ, ಕಂಪನಿ ಹೆಸರು ಓದಲಿಕ್ಕೆ ಆಗುವುದಿಲ್ಲ. ಹೊರಗೆ 600 ವಿಎ ಯುಪಿಎಸ್.

ಹಗಲು ಸೊಸೈಟಿಯಲ್ಲಿ ಲೆಕ್ಕ ಬರೆಯುವುದು, ರಾತ್ರಿ ಊಟ ಆದ ಮೇಲೆ ಲಾರಿ ಓಡಿಸುವ ಆಟ ಯೂರೋ ಟ್ರಕ್ ಸಿಮ್ಯುಲೇಟರ್ 2. ಅದಕ್ಕೆ ಬಸ್ ಸೇರಿಸುವ ಮಾಡ್ ಹಾಕಿಕೊಂಡು ಜರ್ಮನಿಯ ಹೆದ್ದಾರಿಯಲ್ಲಿ ನಮ್ಮೂರ ಎಕ್ಸ್‌ಪ್ರೆಸ್ ಬಸ್ ಓಡಿಸುತ್ತೇನೆ. ನಗಬೇಡಿ. ಒಮ್ಮೊಮ್ಮೆ ಫೋರ್ಜಾ ಹೊರೈಜನ್ 5. ಸೈಬರ್‌ಪಂಕ್ 2077 ಸೇಲಿನಲ್ಲಿ ತಗೊಂಡಿದ್ದೇನೆ, ಈ ಕಾರ್ಡಿನಲ್ಲಿ ತೆರೆಯುವ ಧೈರ್ಯ ಬಂದಿಲ್ಲ.

ಹಳೆ 24 ಇಂಚಿನಲ್ಲಿ ಎಲ್ಲ ಸಲೀಸಾಗಿ ಓಡುತ್ತಿತ್ತು. ಈಗ ಹೆದ್ದಾರಿಯಲ್ಲಿ ಸೆಕೆಂಡಿಗೆ 40 ಫ್ರೇಮ್ (ಚಿತ್ರ) ಆಸುಪಾಸು, ಊರೊಳಗೆ ನುಗ್ಗಿದರೆ 30ಕ್ಕಿಂತ ಕೆಳಗೆ. ಸ್ಟೇರಿಂಗ್ ತಿರುಗಿಸಿದ ಮೇಲೆ ಬಸ್ ಯೋಚನೆ ಮಾಡಿ ತಿರುಗುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 144 ಕಾಣುವುದೇ ಇಲ್ಲ, 60 ಮಾತ್ರ. ಸದ್ಯಕ್ಕೆ ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಕೇಬಲ್ ಹಾಕಿಕೊಂಡಿದ್ದೇನೆ.

ಕೈಯಲ್ಲಿ 40 ಸಾವಿರ ಉಂಟು, ಎಳೆದರೆ 45. ಉಡುಪಿಯ ಒಂದು ಅಂಗಡಿಯಲ್ಲಿ ಆರ್‌ಟಿಎಕ್ಸ್ 5060 8 ಜಿಬಿ ಹಾಕಿ ಅಂದರು. ಮಂಗಳೂರು ಹಂಪನಕಟ್ಟೆಯಲ್ಲಿ ಕೇಳಿದರೆ ಪೂರಾ ಸಿಸ್ಟಮ್ಮೇ ಬದಲಿಸಿ ಅಂದರು. ಯಾರನ್ನು ನಂಬುವುದು? ಮತ್ತೆ ಮಾನಿಟರಿನ ಪ್ಲಗ್ ದುಬೈಯದ್ದು, ಮೂರು ಚಪ್ಪಟೆ ಕಡ್ಡಿ. ಕನ್ವರ್ಟರ್ ಪಿನ್ ಹಾಕಿದ್ದೇನೆ, ಸ್ವಲ್ಪ ಅಲ್ಲಾಡುತ್ತದೆ.

ಸುರತ್ಕಲ್ 144:

ಕಾರ್ಡಿನ ಮಾತು ಆಮೇಲೆ. ಮೊದಲು ಆ ಸೆಟ್‌ಟಾಪ್ ಬಾಕ್ಸ್ ಕೇಬಲ್ ತೆಗೆಯಿರಿ ಅಣ್ಣ. ಹಳೆ ಎಚ್‌ಡಿಎಂಐ ಕೇಬಲ್ ಈ ರೆಸಲ್ಯೂಶನ್ನಿನಲ್ಲಿ 60 ದಾಟುವುದು ಕಷ್ಟ. ಒಳ್ಳೆಯ ಕೇಬಲ್ ಹಾಕಿದರೂ 1650ರಲ್ಲಿರುವುದು ಎಚ್‌ಡಿಎಂಐ 2.0, ಅದು 3440×1440ರಲ್ಲಿ ಸುಮಾರು 100 ಹರ್ಟ್ಸಿಗೆ ನಿಲ್ಲುತ್ತದೆ. ನಿಮಗೆ ಬೇಕಾದ್ದು ಡಿಸ್‌ಪ್ಲೇಪೋರ್ಟ್ ಕೇಬಲ್. ಕಾರ್ಗೋ ಪೆಟ್ಟಿಗೆಯಲ್ಲಿ ಇನ್ನೊಮ್ಮೆ ಹುಡುಕಿ, ಮಾನಿಟರ್ ಜೊತೆ ಬಂದಿರುತ್ತದೆ. ಹಾಕಿದ ಮೇಲೆ ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ 144 ನೀವೇ ಆರಿಸಬೇಕು. ವಿಂಡೋಸ್ ಹೆಚ್ಚಾಗಿ 60ರಲ್ಲೇ ಕೂತಿರುತ್ತದೆ.

ತೆಗೆಯುವಾಗ ಸೀದಾ ಎಳೆಯಬೇಡಿ. ಡಿಸ್‌ಪ್ಲೇಪೋರ್ಟ್ ತಲೆಯ ಮೇಲೆ ಸಣ್ಣ ಗುಂಡಿ ಉಂಟು, ಅದನ್ನು ಒತ್ತಿದರೆ ಒಳಗಿನ ಎರಡು ಕೊಕ್ಕೆ ಕೆಳಗೆ ಹೋಗುತ್ತವೆ. ಒತ್ತದೆ ಎಳೆದರೆ ಕಾರ್ಡಿನ ಪೋರ್ಟೇ ಕಿತ್ತು ಬರಬಹುದು.

ಭಾವ ಇಲ್ಲದ ನಮ್ಮಂಥವರಿಗೆ ಒಂದು ಮಾತು: 32 ಇಂಚಿಗಿಂತ ದೊಡ್ಡ ಮಾನಿಟರಿಗೆ ಮೊದಲು 28% ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ 18% ಆಗಿದೆ. ಹಾಗಾಗಿ ತೆರಿಗೆ ಉಳಿಸಲಿಕ್ಕೆ 32ಕ್ಕೇ ನಿಲ್ಲಬೇಕು ಅಂತ ಈಗ ಇಲ್ಲ. 32 ಇಂಚಿನ 1440ಪಿಯಲ್ಲಿ ಚುಕ್ಕಿಗಳ ದಟ್ಟಣೆ 24 ಇಂಚಿನ 1080ಪಿಯಷ್ಟೇ, ಇಂಚಿಗೆ ಸುಮಾರು 92. ದೊಡ್ಡದು ಕಾಣುತ್ತದೆ, ನಯ ಕಾಣುವುದಿಲ್ಲ. 34ರ ಅಲ್ಟ್ರಾವೈಡಿನಲ್ಲಿ ಅದು 110ರ ಹತ್ತಿರ.

ಕುಂಜಿಬೆಟ್ಟು ರಿಪೇರಿ:

ಕಟಪಾಡಿಯವರೇ, ಮೊದಲು ಇಂಚು ಮರೆತುಬಿಡಿ. ಕಾರ್ಡಿಗೆ ಇಂಚು ಗೊತ್ತಿಲ್ಲ, ಪಿಕ್ಸೆಲ್ ಮಾತ್ರ ಗೊತ್ತು. ನಿಮ್ಮ ಹಳೆ 1920×1080ರಲ್ಲಿ 20.7 ಲಕ್ಷ ಪಿಕ್ಸೆಲ್. ಈಗಿನದರಲ್ಲಿ 49.5 ಲಕ್ಷ. ಹತ್ತಿರ ಹತ್ತಿರ ಎರಡೂವರೆ ಪಟ್ಟು ಕೆಲಸ. 1650 ಅಂದರೆ 2019ರಲ್ಲಿ ಬಂದ 75 ವ್ಯಾಟಿನ ಬಡಪಾಯಿ, ಅದಕ್ಕೆ ಬೈದು ಪ್ರಯೋಜನ ಇಲ್ಲ. ಭಾವ 4ಕೆ ತಂದಿದ್ದರೆ 83 ಲಕ್ಷ ಆಗುತ್ತಿತ್ತು. ಆಗ ಈ ಬಜೆಟ್ಟಿಗೆ ನಾನು ದೂರದಿಂದಲೇ ಕೈಮುಗಿಯುತ್ತಿದ್ದೆ.

ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಆಟದ ಒಳಗೆ ರೆಸಲ್ಯೂಶನ್ 1920×1080ಕ್ಕೆ ಇಳಿಸಿ. ಅದೇ ಬಸ್, ಅದೇ ದಾರಿ. ಹೆದ್ದಾರಿಯಲ್ಲಿ ಫ್ರೇಮ್ ನೋಡಿ, ಊರೊಳಗೆ ನೋಡಿ. ಜಾಸ್ತಿ ಆದರೆ ತೊಂದರೆ ಕಾರ್ಡಿನದ್ದು. ಆಗದಿದ್ದರೆ ಪ್ರೊಸೆಸರಿನದ್ದು. ಯೂರೋ ಟ್ರಕ್ 2012ರ ಆಟ. ಅದರ ಹೆಚ್ಚಿನ ಭಾರ ಪ್ರೊಸೆಸರಿನ ಒಂದೇ ಕೋರಿನ ಮೇಲೆ ಬೀಳುತ್ತದೆ. ಎಂಥ ಕಾರ್ಡ್ ಹಾಕಿದರೂ ಊರೊಳಗೆ ಸ್ವಲ್ಪ ಇಳಿಯುವುದು ಇದ್ದದ್ದೇ. ಹಾಗೇ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಸ್ಕೇಲಿಂಗ್ ಎಷ್ಟಿದೆ ನೋಡಿ. ಅದು 400%ವರೆಗೆ ಹೋಗುತ್ತದೆ. 100ಕ್ಕಿಂತ ಮೇಲೆ ಇದ್ದರೆ ಪರದೆಗಿಂತ ದೊಡ್ಡ ಚಿತ್ರ ಬಿಡಿಸಿ ಆಮೇಲೆ ಕುಗ್ಗಿಸಿ ತೋರಿಸುತ್ತದೆ. ಹಳೆ ಮಾನಿಟರಿಗೆ ಚಂದ ಕಾಣಲಿ ಅಂತ ಏರಿಸಿದವರು ತುಂಬಾ ಜನ ಇದ್ದಾರೆ. ಕನ್ನಡಿಗಳ ಕ್ವಾಲಿಟಿಯನ್ನೂ ಒಂದು ಮೆಟ್ಟಿಲು ಇಳಿಸಿ.

ಇನ್ನು ಯಾವ ಕಾರ್ಡ್. 5060 ಕೆಟ್ಟದ್ದಲ್ಲ. ಆದರೆ ನಿಮ್ಮ ಬೋರ್ಡಿಗೆ ನಾನು ಅದನ್ನು ಹೇಳುವುದಿಲ್ಲ. ಈ ಪರದೆಯಲ್ಲಿ ಸೈಬರ್‌ಪಂಕ್ ಚೆನ್ನಾಗಿ ನೋಡಬೇಕು ಅಂದರೆ ಕಾರ್ಡಿನ 8 ಜಿಬಿ ಮೆಮೊರಿ ಬೇಗ ತುಂಬುತ್ತದೆ, ಅದು ಒಂದು. ಇನ್ನೊಂದು ಕಾರಣ ಅಂಗಡಿಯಲ್ಲಿ ಸಾಮಾನ್ಯವಾಗಿ ಯಾರೂ ಬಾಯಿ ಬಿಡುವುದಿಲ್ಲ. 5060 ಮತ್ತು 5060 ಟಿಐ ಎರಡೂ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ 8 ಲೇನ್ (ಡೇಟಾ ಓಡುವ ದಾರಿ) ಮಾತ್ರ ಬಳಸುತ್ತವೆ. ಹೊಸ ಬೋರ್ಡಿನ ಐದನೇ ತಲೆಮಾರಿನ ಸ್ಲಾಟಿನಲ್ಲಿ ಅಷ್ಟು ಧಾರಾಳ ಸಾಕು. ನಿಮ್ಮ ಬಿ450 ಮೂರನೇ ತಲೆಮಾರಿನದ್ದು, ಒಂದೊಂದು ಲೇನಿನ ವೇಗ ಅದರ ಕಾಲು ಭಾಗ. ಕಾರ್ಡಿನ ಮೆಮೊರಿಯಲ್ಲಿ ಜಾಗ ಇರುವವರೆಗೆ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ತುಂಬಿ, ರ್‍ಯಾಮಿನಿಂದ ತರಿಸಿಕೊಳ್ಳಲಿಕ್ಕೆ ಶುರು ಆಯಿತು ಅಂದರೆ ಹೆದ್ದಾರಿಯ ಟ್ರಾಫಿಕ್ ಎಲ್ಲ ರಥಬೀದಿಗೆ ನುಗ್ಗಿಸಿದ ಹಾಗೆ.

ಅದಕ್ಕೇ ನನ್ನ ಓಟು ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಗೆ. 2025ರ ಜೂನಿನಲ್ಲಿ ಬಂದದ್ದು. ಪೂರಾ 16 ಲೇನ್ ಉಂಟು, 160 ವ್ಯಾಟ್ ಆಸುಪಾಸು ಎಳೆಯುತ್ತದೆ. ಅದೇ ಹೆಸರಿನಲ್ಲಿ 8 ಜಿಬಿಯದ್ದೂ ಮಾರುತ್ತಾರೆ. ಪೆಟ್ಟಿಗೆಯ ಮೇಲೆ ಬರೆದದ್ದು ಓದಿ, ಬಿಲ್ಲಿನಲ್ಲೂ 16 ಅಂತ ಬರೆಸಿ. ಮೆಮೊರಿ ಚಿಪ್ ದುಬಾರಿ ಆದ ಮೇಲೆ ಕಾರ್ಡುಗಳ ಬೆಲೆ ನಿಂತಲ್ಲಿ ನಿಲ್ಲುತ್ತಿಲ್ಲ. ಹಾಗಾಗಿ ನಾನು ಇಲ್ಲಿ ರೇಟು ಬರೆಯುವುದಿಲ್ಲ, ಉಡುಪಿ ಮಂಗಳೂರು ಎರಡೂ ಕಡೆ ಕೇಳಿ ನೋಡಿ. ಪೂರಾ ಸಿಸ್ಟಮ್ ಬದಲಿಸುವ ಅಗತ್ಯ ಸುತರಾಂ ಇಲ್ಲ.

ಆದರೆ ಆ ಹೆಸರಿಲ್ಲದ ಎಸ್‌ಎಂಪಿಎಸ್ಸಿಗೆ ಇದನ್ನು ಸಿಕ್ಕಿಸಬೇಡಿ. ಕಾರ್ಡಿನ ಕಂಪನಿಯವರು 450 ವ್ಯಾಟ್ ಸಾಕು ಅನ್ನುತ್ತಾರೆ, ಅವರು ಹೇಳುವುದು ನಿಜವಾದ 450. 1650ರಲ್ಲಿ ಹೆಚ್ಚಿನವಕ್ಕೆ ಪ್ರತ್ಯೇಕ ಪವರ್ ವಯರೇ ಬೇಡ, ಸ್ಲಾಟಿನಿಂದಲೇ 75 ವ್ಯಾಟ್ ಸಿಗುತ್ತದೆ. ಹೊಸದಕ್ಕೆ 8 ಪಿನ್ನಿನ ವಯರ್ ಬೇಕು. ಹಾರ್ಡ್ ಡಿಸ್ಕಿನ ಹಳೆ ನಾಲ್ಕು ಪಿನ್ನಿನಿಂದ ಕನ್ವರ್ಟರ್ ಹಾಕಿ ಕೊಡುತ್ತೇವೆ ಅಂದವರ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ. ಒಳ್ಳೆ ಕಂಪನಿಯ 650 ವ್ಯಾಟ್ ತಗೊಳ್ಳಿ.

ಯುಪಿಎಸ್ ಲೆಕ್ಕವೂ ಹಾಕಿ. ಕಾರ್ಡ್ 160, ಪ್ರೊಸೆಸರ್ ಹೆಚ್ಚೆಂದರೆ 88, ಮಾನಿಟರ್ 50ರ ಹತ್ತಿರ, ಬೋರ್ಡ್, ಫ್ಯಾನ್, ಡಿಸ್ಕ್ ಸೇರಿ ಇನ್ನೊಂದು 40. ಎಸ್‌ಎಂಪಿಎಸ್ಸಿನಲ್ಲಿ ಸೋರುವುದನ್ನೂ ಸೇರಿಸಿದರೆ 370 ದಾಟುತ್ತದೆ. 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ಆಟದ ನಡುವೆ ಕರೆಂಟ್ ಹೋದರೆ ಅದು ಕೀಂ ಅಂತ ಕೂಗಿ ಕೈಬಿಡುತ್ತದೆ. ಮಾನಿಟರನ್ನು ಯುಪಿಎಸ್ಸಿನಿಂದ ಹೊರಗಿಡಿ, ಇಲ್ಲವಾದರೆ 1000 ವಿಎಗೆ ಹೋಗಿ.

ದುಬೈ ಪ್ಲಗ್ ವಿಷಯ: ಮಾನಿಟರಿನ ಹಿಂದೆ ಸಿಕ್ಕಿಸುವ ತುದಿ ಕ್ಯಾಬಿನೆಟ್ಟಿಗೆ ಹಾಕುವ ಪವರ್ ವಯರಿನ ಹಾಗೇ ಇದ್ದರೆ ಊರಿನ ಪವರ್ ವಯರನ್ನೇ ಹಾಕಿ, ಆಯಿತು. ಅಡಾಪ್ಟರ್ ಇದ್ದರೆ ಅದರ ಮೇಲೆ 100–240 ವೋಲ್ಟ್ ಅಂತ ಬರೆದಿದೆಯಾ ನೋಡಿ. ಅಲ್ಲಾಡುವ ಕನ್ವರ್ಟರ್ ಬೇಡವೇ ಬೇಡ, ಅಲ್ಲೇ ಬಿಸಿ ಆಗುವುದು.

ಮಣಿಪಾಲ ಹಾಸ್ಟೆಲ್:

ಅಣ್ಣ, ಇಲ್ಲಿ ಕೋರ್ಸ್ ಮುಗಿಸಿ ಹೋಗುವವರು ಸೆಕೆಂಡ್ ಹ್ಯಾಂಡ್ ಕೊಡುತ್ತಾರೆ. ಈಗ ಒಬ್ಬ ಸೀನಿಯರ್ ಹತ್ತಿರ ಜಿಟಿಎಕ್ಸ್ 1080 ಟಿಐ ಉಂಟು, 11 ಜಿಬಿ. ನಿಮ್ಮ ಬಜೆಟ್ಟಿನ ಅರ್ಧವೂ ಆಗುವುದಿಲ್ಲ.

ಕುಂಜಿಬೆಟ್ಟು ರಿಪೇರಿ:

ತಮ್ಮಾ, 1080 ಟಿಐ ಒಂದು ಕಾಲದ ರಾಜ, ಒಪ್ಪಿದೆ. ಆದರೆ ಅದು 2017ರ ಕಾರ್ಡ್, 250 ವ್ಯಾಟ್ ಕುಡಿಯುತ್ತದೆ. ಸಣ್ಣ ಚಿತ್ರ ಬಿಡಿಸಿ ದೊಡ್ಡದು ಮಾಡಿ ಫ್ರೇಮ್ ಏರಿಸುವ ಡಿಎಲ್‌ಎಸ್‌ಎಸ್ ಇಲ್ಲ. 10 ಸೀರೀಸಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿದೆ, ಇನ್ನು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ನಮ್ಮ ಕರಾವಳಿಯಲ್ಲಿ ಒಂದು ಜಾಸ್ತಿ ನೋಡಬೇಕು. ಕಾರ್ಡನ್ನು ಕ್ಯಾಬಿನೆಟ್ಟಿಗೆ ಸ್ಕ್ರೂ ಹಾಕುವ ಆ ತಗಡಿನ ಪಟ್ಟಿ ಉಂಟಲ್ಲ, ಅದನ್ನು ಬೆಳಕಿಗೆ ಹಿಡಿಯಿರಿ. ಸ್ಕ್ರೂ ತೂತಿನ ಸುತ್ತ ಕಂದು ತುಕ್ಕು, ಎಚ್‌ಡಿಎಂಐ ಪೋರ್ಟಿನ ಬಾಯಲ್ಲಿ ಹಸಿರು ಪುಡಿ, ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬಿಳಿ ಹುಡಿ ಕಂಡರೆ ಆ ಕಾರ್ಡ್ ಉಪ್ಪು ಗಾಳಿ ತಿಂದಿದೆ. ಮಲ್ಪೆ, ಪಡುಕೆರೆ, ತಣ್ಣೀರುಬಾವಿ ಕಡೆಯ ಮನೆಗಳಿಂದ ನನ್ನ ಟೇಬಲ್ಲಿಗೆ ಬರುವ ಕಾರ್ಡುಗಳಲ್ಲಿ ಇದು ಮಾಮೂಲು. ಇವತ್ತು ಓಡುತ್ತದೆ, ಮಳೆಗಾಲದಲ್ಲಿ ಕೈಕೊಡುತ್ತದೆ. ಕೊಡುವವರ ಹತ್ತಿರ ಬಿಲ್ ಇಲ್ಲದಿದ್ದರೆ ವಾರಂಟಿ ಮಾತನ್ನೂ ಎತ್ತಬೇಡಿ.

ಕಟಪಾಡಿ ಎಕ್ಸ್‌ಪ್ರೆಸ್:

ಪರೀಕ್ಷೆ ಮಾಡಿದೆ. ಡಿಸ್‌ಪ್ಲೇಪೋರ್ಟ್ ಕೇಬಲ್ ಪೆಟ್ಟಿಗೆಯಲ್ಲೇ ಇತ್ತು, ಅಕ್ಕನ ಸೀರೆಗಳ ಅಡಿಯಲ್ಲಿ. ಈಗ 144 ಕಾಣುತ್ತಿದೆ. 1920×1080ಕ್ಕೆ ಇಳಿಸಿದಾಗ ಹೆದ್ದಾರಿಯಲ್ಲಿ 40 ಇದ್ದದ್ದು 85 ಆಯಿತು. ಊರೊಳಗೆ 50ರ ಮೇಲೆ ಏರಲೇ ಇಲ್ಲ. ಸ್ಕೇಲಿಂಗ್ 100ರಲ್ಲೇ ಇತ್ತು. ಅಂದರೆ ಎರಡೂ ಕಡೆ ತೊಂದರೆಯಾ?

ಕುಂಜಿಬೆಟ್ಟು ರಿಪೇರಿ:

ಹೌದು, ಹೆದ್ದಾರಿಯಲ್ಲಿ ಕಾರ್ಡ್, ಊರೊಳಗೆ ಪ್ರೊಸೆಸರ್. ಕಾರ್ಡ್ ಮೊದಲು ಹಾಕಿ. ಹಾಕಿಯೂ ಊರೊಳಗೆ ಆ 50 ಹಾಗೇ ಇರುತ್ತದೆ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಕಾರ್ಡಿಗೆ ಬೈಯಬೇಡಿ. ಮಾನಿಟರಿನಲ್ಲಿ ಫ್ರೀಸಿಂಕ್ (ಕಾರ್ಡಿನ ಫ್ರೇಮಿಗೆ ಪರದೆಯ ವೇಗ ಹೊಂದಿಸುವುದು) ಇದ್ದರೆ ಆನ್ ಮಾಡಿಕೊಳ್ಳಿ, ಫ್ರೇಮ್ ಏರಿಳಿದರೂ ಕಣ್ಣಿಗೆ ಅಷ್ಟು ಹೊಡೆಯುವುದಿಲ್ಲ. ಸೈಬರ್‌ಪಂಕ್, ಫೋರ್ಜಾ ಎರಡರಲ್ಲೂ ಹೆಚ್ಚಿನ ಭಾರ ಕಾರ್ಡಿನ ಮೇಲೆಯೇ, ಅಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಹಾಕುವ ಮೊದಲು ಹಳೆ ಎನ್‌ವಿಡಿಯಾ ಡ್ರೈವರನ್ನು ಡಿಡಿಯು ಅನ್ನುವ ಉಚಿತ ಸಾಧನದಿಂದ ಪೂರಾ ಕಿತ್ತುಹಾಕಿ. ಬಯಾಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ಸಿಗುವ ಬೋರ್ಡಿನ ಸೆಟ್ಟಿಂಗ್) ಕಾರ್ಡಿನ ಪೂರಾ ಮೆಮೊರಿ ಪ್ರೊಸೆಸರಿಗೆ ಒಟ್ಟಿಗೆ ಸಿಗುವ ಹಾಗೆ ಮಾಡುವ ರೀಸೈಜಬಲ್ ಬಾರ್ ಆನ್ ಮಾಡಬೇಕು, ಹೊಸ ಬಯಾಸ್ ಇದ್ದರೆ ಬಿ450ರಲ್ಲೂ ಸಿಗುತ್ತದೆ. ಅದಕ್ಕೆ ಸಿಎಸ್‌ಎಂ (ಹಳೆ ಕಾಲದ ಬೂಟ್ ವಿಧಾನ) ಆಫ್ ಇರಬೇಕು. ಇಲ್ಲಿ ಜಾಗ್ರತೆ: ನಿಮ್ಮ ವಿಂಡೋಸ್ ಡಿಸ್ಕ್ ಹಳೆ ಎಂಬಿಆರ್ ನಮೂನೆಯದ್ದಾದರೆ ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಬೂಟ್ ಆಗುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಜಿಪಿಟಿ ಅಂತ ಇದೆಯಾ ಮೊದಲೇ ನೋಡಿಕೊಳ್ಳಿ.

ಮತ್ತೆ ಅರ್ಥಿಂಗ್. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತದೆಯಾ? ನಮ್ಮ ಕೆಂಪುಕಲ್ಲಿನ ನೆಲ ಬೇಸಿಗೆಗೆ ಒಣಗಿದರೆ ಅರ್ಥಿಂಗ್ ನಾಮಕಾವಸ್ತೆ ಆಗುತ್ತದೆ. ಇಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ವೋಲ್ಟೇಜ್ ನೋಡಿಸಿ, ಒಂದೆರಡು ವೋಲ್ಟಿಗಿಂತ ತುಂಬಾ ಜಾಸ್ತಿ ಇದ್ದರೆ ಸರಿಪಡಿಸಿ. ಮಳೆ ಶುರುವಿಗೆ ಮತ್ತು ತುಲಾ ತಿಂಗಳಲ್ಲಿ (ಅಕ್ಟೋಬರ್–ನವೆಂಬರ್) ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಲ್ಯಾನ್ ವಯರನ್ನೂ ತೆಗೆಯಿರಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಕಟಪಾಡಿ ಎಕ್ಸ್‌ಪ್ರೆಸ್:

9060 ಎಕ್ಸ್‌ಟಿ 16 ಜಿಬಿ ಹಾಕಿ ಆಯಿತು. ಎಸ್‌ಎಂಪಿಎಸ್ ಸೇರಿ ಬಜೆಟ್ ಸ್ವಲ್ಪ ಮೀರಿತು, ಭಾವನೇ ಕೈ ಹಿಡಿದರು. ಹೆದ್ದಾರಿಯಲ್ಲಿ ಈಗ ನೂರರ ಹತ್ತಿರ, ಊರೊಳಗೆ ನೀವು ಹೇಳಿದ ಹಾಗೇ 50. ಸೈಬರ್‌ಪಂಕ್ ತೆರೆದೆ, ಎಫ್‌ಎಸ್‌ಆರ್ (ಡಿಎಲ್‌ಎಸ್‌ಎಸ್ ಥರದ್ದೇ, ರೇಡಿಯಾನ್ ಕಂಪನಿಯದ್ದು) ಹಾಕಿಕೊಂಡು ಮಸ್ತ್ ಓಡುತ್ತಿದೆ. ಬೋನಸ್ ಬಂದ ಮೇಲೆ ಪ್ರೊಸೆಸರ್ ನೋಡುವಾ ಅಂತ. ಇದೇ ಬೋರ್ಡಿಗೆ ಯಾವುದು ಆಗುತ್ತದೆ?

ಕುಂಜಿಬೆಟ್ಟು ರಿಪೇರಿ:

ರೈಜನ್ 7 5700ಎಕ್ಸ್3ಡಿ ಸಿಕ್ಕಿದರೆ ಅದೇ. ಪ್ರೊಸೆಸರಿನ ಒಳಗೇ 96 ಎಂಬಿ ಎಲ್3 ಕ್ಯಾಶ್ (ವೇಗದ ಮೆಮೊರಿ) ಉಂಟು, ಯೂರೋ ಟ್ರಕ್ಕಿನಂಥ ಆಟಕ್ಕೆ ಹೇಳಿ ಮಾಡಿಸಿದ್ದು. ಈಗ ಸಿಗುವುದು ಕಷ್ಟ. ಸಿಗದಿದ್ದರೆ 5600 ಹಾಕಿ, ಅದೂ 3600ಕ್ಕಿಂತ ಒಂದು ಕೈ ಮೇಲೆ. ಎರಡೂ ಇದೇ ಸಾಕೆಟ್. ಆದರೆ 3600 ಬೋರ್ಡಿನಲ್ಲಿ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ, ಆಮೇಲೆ ತೆಗೆಯಿರಿ. ಉಲ್ಟಾ ಮಾಡಿದರೆ ಪರದೆ ಕಪ್ಪು, ಮತ್ತೆ ಹಳೆಯದನ್ನೇ ಕೂರಿಸಬೇಕು. 5700ಎಕ್ಸ್3ಡಿ ಜೊತೆ ಕೂಲರ್ ಬರುವುದಿಲ್ಲ, ಅದರ ದುಡ್ಡು ಬೇರೆ ಎತ್ತಿಡಿ.