ಸಹಾಯ ಬೇಕು: ತೂಕ ಇಳಿಸುವ ಆಪರೇಷನ್ ಆದ ದಿನವೇ ಮನೆಗೆ ಕರೆದುಕೊಂಡು ಬರಬಹುದಾ?

ಎಲ್ಲರಿಗೂ ನಮಸ್ಕಾರ. ಅಕ್ಕನಿಗೆ ಮುಂದಿನ ವಾರ ಸ್ಲೀವ್ ಆಪರೇಷನ್ (ಜಠರದ ದೊಡ್ಡ ಭಾಗ ತೆಗೆದು ಚಿಕ್ಕದು ಮಾಡುವುದು) ಇದೆ. ಆಸ್ಪತ್ರೆ ಮುಂಬೈನ ದಾದರ್ ಕಡೆ, ನಾವಿರುವುದು ದೂರದ ಡೊಂಬಿವಲಿಯಲ್ಲಿ, ಲಿಫ್ಟ್ ಇಲ್ಲದ ಹಳೇ ಬಿಲ್ಡಿಂಗ್. ಬೆಳಿಗ್ಗೆ ಆಪರೇಷನ್, ಸಂಜೆ ಡಿಸ್ಚಾರ್ಜ್ ಎನ್ನುತ್ತಿದ್ದಾರೆ ಡಾಕ್ಟರ್. ಲ್ಯಾಪರೋಸ್ಕೋಪಿ, ಸಣ್ಣ ಸಣ್ಣ ತೂತು, ಬೇಗ ಓಡಾಡಬಹುದು, ಅದೆಲ್ಲ ಸರಿ. ಆದರೆ ಅಕ್ಕನಿಗೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ) ಇದೆ, ಉಸಿರುದಾರಿ ಮುಚ್ಚದಂತೆ ಗಾಳಿ ಒತ್ತುವ ಸಿಪ್ಯಾಪ್ ಮಾಸ್ಕ್ ಇಲ್ಲದೆ ಮಲಗುವ ಹಾಗೇ ಇಲ್ಲ. ಅಂಥವರಿಗೆ ಅರಿವಳಿಕೆ ಕೊಟ್ಟ ದಿನ ರಾತ್ರಿ ಆಮ್ಲಜನಕದ ಮೇಲೆ ಜಾಸ್ತಿ ನಿಗಾ ಬೇಕು ಅಲ್ವಾ?

ಆಸ್ಪತ್ರೆಯ ಕೋಆರ್ಡಿನೇಟರ್‌ಗೆ ಫೋನ್ ಮಾಡಿದರೆ "ಮಾಸ್ಕ್ ಹಾಕಿಸಿ, ಏನಾದರೂ ಆದರೆ ಕರೆದುಕೊಂಡು ಬನ್ನಿ" ಎಂದು ಮುಗಿಸಿದರು. ಅವರು ಕೊಟ್ಟ ಸೂಚನೆ ಹಾಳೆಯಲ್ಲಿ ನಾಡಿ 120 ದಾಟಿದರೆ, ಜ್ವರ ಬಂದರೆ, ಹೊಟ್ಟೆನೋವು ಏರುತ್ತಲೇ ಹೋದರೆ, ಗುಟುಕು ನೀರೂ ನಿಲ್ಲದಿದ್ದರೆ ತಕ್ಷಣ ಬನ್ನಿ ಎಂದಿದೆ. ಒಳಗೆ ಜಠರದ ಹೊಲಿಗೆ ಸೋರುತ್ತಿದ್ದರೆ ಹೀಗಾಗಬಹುದಂತೆ. ಮಧ್ಯರಾತ್ರಿ ಲೋಕಲ್ ರೈಲು ಇಲ್ಲದ ಹೊತ್ತಲ್ಲಿ ಅವಳನ್ನು ಮೆಟ್ಟಿಲು ಇಳಿಸಿ ದಾದರ್ ಮುಟ್ಟಿಸುವುದು ಹೇಗೆ? ಮನೆ ಡಾಕ್ಟರನ್ನೂ ಕೇಳಿದೆ, "ಸರ್ಜನ್ ಹೇಳಿದ ಹಾಗೆ ಮಾಡಿ" ಎಂದರು. ಸುಮ್ನೆ ಹೋಗಿಬಂದ ಹಾಗಾಯಿತು.

ವಿಮೆಯವರದು ಬೇರೆ ರಗಳೆ. 24 ಗಂಟೆ ಅಡ್ಮಿಟ್ ಇರದಿದ್ದರೆ ಡೇ ಕೇರ್ (ಅದೇ ದಿನ ಮನೆಗೆ ಕಳಿಸುವ ಚಿಕಿತ್ಸೆ) ಎಂದು ಒಪ್ಪಿಗೆ ಬೇಕಂತೆ.

ಆಪ್ನಿಯಾ ಇದ್ದೂ ಸ್ಲೀವ್ ಮಾಡಿಸಿಕೊಂಡು ಅದೇ ದಿನ ಮನೆಗೆ ಬಂದವರು ಯಾರಾದರೂ ಇದ್ದೀರಾ, ಮೊದಲ ರಾತ್ರಿ ಹೇಗಿತ್ತು? ಒಂದು ರಾತ್ರಿ ಇಟ್ಟುಕೊಳ್ಳಲೇಬೇಕು ಎಂದು ಪಟ್ಟು ಹಿಡಿಯುವುದಾದರೆ ಯಾರನ್ನು ಕೇಳಬೇಕು, ಸರ್ಜನ್‌ನನ್ನಾ, ಅರಿವಳಿಕೆ ಡಾಕ್ಟರನ್ನಾ?